ಭಾರಕ್ಕೆ ಅಂಜದ ನಡ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಜಾತ್ರೆಯೆಂದರೆ ತೇರು, ಕುಸ್ತಿ, ಅದರ ಜೊತೆಗೆ ಹಲವು ಊರುಗಳಲ್ಲಿ ಭಾರ ಎತ್ತುವ ಪಂದ್ಯ. ಹಲಗಿ ಬಡಿತಕ್ಕೆ ಒಬ್ಬೊಬ್ಬರೇ ಮುಂದೆ ಬರುತ್ತಾರೆ. ಅಂಗೈಗೆ ಮಣ್ಣು ತಿಕ್ಕಿಕೊಂಡು, ಗುಂಡುಕಲ್ಲಿನ ಎರಡೂ ಬದಿಗೆ ಕಾಲೂರಿ ಕುಕ್ಕರಿಸಿ, ಬೆರಳನ್ನು ಕಲ್ಲಿನ ಬುಡಕ್ಕೆ ತೂರಿಸುತ್ತಾರೆ. ಕಲ್ಲು ಮೊದಲು ತೊಡೆಗೆ ಬರುತ್ತದೆ. ಅಲ್ಲಿ ಒಂದು ಗಳಿಗೆ ನಿಂತು ಉಸಿರು ತುಂಬಿಕೊಳ್ಳುತ್ತಾರೆ. ಆಮೇಲೆ ಕಲ್ಲನ್ನು ಎದೆಗವಚಿಕೊಂಡು ಎದ್ದು, ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಾರೆ. ನೆಲ ದಡ್ ಎನ್ನುತ್ತದೆ, ಜನ ಕೇಕೆ ಹಾಕುತ್ತಾರೆ.

ವರ್ಷವಿಡೀ ಗರಡಿಯಲ್ಲಿ ಬಸ್ಕಿ, ದಂಡ ಹೊಡೆದವನು ಹೀಗೆ ಎತ್ತಿ, ಬೆಳ್ಳಿ ಕಡಗ ತೊಟ್ಟು ಮನೆಗೆ ಹೋಗುತ್ತಾನೆ. ತೊಂದರೆ ಶುರುವಾಗುವುದು ಆಮೇಲೆ. ತಾಲೀಮು ಬಿಟ್ಟು ಐದು ವರ್ಷವಾದವನು, ಬೆಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹಬ್ಬಕ್ಕೆ ಬಂದವನು ಗುಂಪಿನಲ್ಲಿರುತ್ತಾನೆ. "ಎತ್ತೋ ತಮ್ಮಾ, ಏನೂ ಆಗೂದಿಲ್ಲ" ಎಂದು ನಾಲ್ಕು ಜನ ಹುರಿದುಂಬಿಸಿದರೆ ಸಾಕು, ಅಂಗಿತೋಳು ಮಡಚಿಕೊಂಡು ಬಂದುಬಿಡುತ್ತಾನೆ. ಕಲ್ಲು ಇನ್ನೂ ನೆಲ ಬಿಟ್ಟಿರುವುದಿಲ್ಲ, ಟೊಂಕದಲ್ಲಿ ಛಳಕ್ ಎನ್ನುತ್ತದೆ. ಆಮೇಲೆ ನೆಟ್ಟಗೆ ನಿಲ್ಲಲಾರ, ಕೂರಲಾರ, ಸೀನು ಬಂದರೆ ಜೀವ ಹೋದಂತಾಗುತ್ತದೆ. ಇಬ್ಬರು ಹೆಗಲು ಕೊಟ್ಟು ಕಟ್ಟೆಯ ಮೇಲೆ ಕೂರಿಸುತ್ತಾರೆ. "ನಡಾ ಹಿಡಕೊಂತು" ಎನ್ನುವ ಮಾತು ಗುಂಪಿನ ಬಾಯಿಂದ ಬಾಯಿಗೆ ಹೋಗುತ್ತದೆ.

ಇದೇ ಛಳಕು ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊರುವ ಹಮಾಲರಿಗೆ ಹೊಡೆಯುತ್ತದೆ, ಊರೂರಿಗೆ ತೆರೆದುಕೊಂಡಿರುವ ಜಿಮ್‌ಗಳಲ್ಲಿ ರಾಡು ಎತ್ತುವ ಹುಡುಗರಿಗೂ ಹೊಡೆಯುತ್ತದೆ. ಹೊಡೆಸಿಕೊಂಡವರಿಗೆಲ್ಲ ಮೊದಲು ಸಿಗುವ ಬುದ್ಧಿಮಾತು ಒಂದೇ: "ಇನ್ನ ಭಾರ ಎತ್ತಬ್ಯಾಡ, ಬೆನ್ನು ಹೋತು ಅಂತ ತಿಳಕೋ." ಈ ಮಾತು ತಪ್ಪು. ಮೊದಲ ಛಳಕಿಗಿಂತ ಹೆಚ್ಚಿನ ಕೇಡನ್ನು ಹಲವು ಸಲ ಈ ಮಾತೇ ಮಾಡುತ್ತದೆ. ನಡ ಹಿಡಿಯುವುದಕ್ಕೆ ಭಾರವೊಂದೇ ಕಾರಣವಲ್ಲ. ದೇಹ ಸಿದ್ಧವಾಗುವ ಮೊದಲೇ ಅದರ ಮೇಲೆ ಬಿದ್ದ ಭಾರ ಕಾರಣ.

ಒಳಗೆ ಆಗುವುದೇನು ಎಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಬೆನ್ನುಮೂಳೆಯ ಎರಡೂ ಬದಿಗೆ ಕುತ್ತಿಗೆಯಿಂದ ಸೊಂಟದವರೆಗೆ ಹುರಿಯಂತೆ ಸ್ನಾಯುಗಳಿವೆ. ಮಣಿಗಳ ನಡುವಿನ ಕೀಲಿಗೆ, ಅಸ್ಥಿರಜ್ಜುವಿಗೆ, ಡಿಸ್ಕಿನ ಅಂಚಿಗೆ ಅನಿರೀಕ್ಷಿತವಾಗಿ ಎಳೆತ ಬಿದ್ದರೆ ನರಗಳು ಅಪಾಯದ ಸುದ್ದಿ ಮುಟ್ಟಿಸುತ್ತವೆ. ಆಗ ಈ ಸ್ನಾಯುಗಳು ಬಿಗಿದು ನಿಂತುಬಿಡುತ್ತವೆ. ತೇರು ವಾಲುತ್ತಿದೆ ಅನ್ನಿಸಿದ ಕ್ಷಣದಲ್ಲಿ ಸನ್ನೆ ಹಾಕುವವರು ಗಾಲಿಗೆ ಮರದ ತುಂಡು ಒಡ್ಡಿ ನಿಲ್ಲಿಸುತ್ತಾರಲ್ಲ, ಅದೇ ಕೆಲಸ ಇದು. ತೇರು ಮುರಿದಿದೆ ಎಂದಲ್ಲ, ಮುರಿಯದಿರಲಿ ಎಂದು ನಿಲ್ಲಿಸುವುದು. ನೋವು ಘೋರವಾಗಿರುತ್ತದೆ ನಿಜ. ಆದರೆ ನೋವು ಎಷ್ಟಿದೆಯೋ ಪೆಟ್ಟೂ ಅಷ್ಟೇ ದೊಡ್ಡದು ಎಂದು ಲೆಕ್ಕ ಹಾಕಬಾರದು. ಇಂಥ ಹಿಡಿತಗಳಲ್ಲಿ ಬಹುಪಾಲು ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತಾವಾಗಿಯೇ ಬಿಡುತ್ತವೆ.

ಇನ್ನು ಭಾರದ ಲೆಕ್ಕ. ಬೆನ್ನಿನ ಸ್ನಾಯುಗಳು ಮೂಳೆಯ ನಡುಗೆರೆಯಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಕೈಯಲ್ಲಿರುವ ಚೀಲ ನಡುವಿನಿಂದ 25 ಸೆಂಟಿಮೀಟರ್ ಮುಂದಿದ್ದರೆ, 50 ಕಿಲೋ ಚೀಲಕ್ಕೆ ಸ್ನಾಯುಗಳು ಸುಮಾರು 250 ಕಿಲೋ ಬಲದಿಂದ ಜಗ್ಗಬೇಕು. ಅದೇ ಚೀಲವನ್ನು ಕೈ ಚಾಚಿ ಅರ್ಧ ಮೀಟರ್ ದೂರದಿಂದ ಎತ್ತಿದರೆ 500 ಕಿಲೋ. ಮುಂದೆ ಬಾಗಿದ ಮೈಯ ಭಾರ ಇದರಲ್ಲಿ ಸೇರಿಲ್ಲ. ಚೀಲದ ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಪೈಲ್ವಾನ ಕಲ್ಲನ್ನು ತೊಡೆಗೆ, ಎದೆಗೆ ಅಂಟಿಸಿಕೊಂಡೇ ಎತ್ತುವುದು ಇದಕ್ಕೇ. ಕಲ್ಲು ದುಂಡಗಿರುವುದರಿಂದ ಅವನ ಬೆನ್ನು ಸ್ವಲ್ಪ ಬಾಗಲೇಬೇಕು. ಬಾಗಿದರೂ ಕಲ್ಲು ಮೈಗೆ ಹತ್ತಿರವಿದೆ, ಆ ಬಾಗುವಿಕೆಗೆ ಅವನ ಮೈ ತಿಂಗಳುಗಟ್ಟಲೆ ಪಳಗಿದೆ.

ಪಳಗಿದ ಬೆನ್ನು ಎಷ್ಟು ಹೊರಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದವರೇ ಸಾಕ್ಷಿ ಇದ್ದಾರೆ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಅವರು ತಲೆಯ ಮೇಲೆ ಎತ್ತಿದ್ದು 138 ಕಿಲೋ, ತಮ್ಮ ಮೈತೂಕದ ಎರಡೂವರೆ ಪಟ್ಟಿಗೆ ಹತ್ತಿರ. ಮನುಷ್ಯನ ಬೆನ್ನು ದುರ್ಬಲ ಎನ್ನುವವರು ಈ ಅಂಕಿಯನ್ನೊಮ್ಮೆ ನೋಡಬೇಕು.

ಗರಡಿ ಕಲಿಸಿದ ಪಾಠ

ಮಲಪ್ರಭೆಯ ದಂಡೆಯ ಸಂಗೊಳ್ಳಿಯಲ್ಲಿ ಜನವರಿಯಲ್ಲಿ ರಾಯಣ್ಣನ ಉತ್ಸವ, ಕಿತ್ತೂರಿನಲ್ಲಿ ಪ್ರತಿ ಅಕ್ಟೋಬರ್ 23ರಿಂದ ಚನ್ನಮ್ಮನ ವಿಜಯದ ಉತ್ಸವ. 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ದಿನ ಅದು. ಈ ಉತ್ಸವಗಳಲ್ಲಿ ಕುಸ್ತಿಯಿಲ್ಲದಿದ್ದರೆ ಜನಕ್ಕೆ ಸಮಾಧಾನವಾಗದು. ಈ ನೆಲದಲ್ಲಿ ಮೈ ಬೆಳೆಸುವುದು ಹವ್ಯಾಸವಷ್ಟೇ ಆಗಿರಲಿಲ್ಲ, ಊರಿನ ಮರ್ಯಾದೆಯ ಭಾಗವಾಗಿತ್ತು. ಹಾಗಾಗಿಯೇ ಗರಡಿಮನೆಯಲ್ಲಿ ಉಸ್ತಾದರು ಹುಡುಗರನ್ನು ಹದಗೊಳಿಸುವುದಕ್ಕೊಂದು ಕ್ರಮ ಇಟ್ಟುಕೊಂಡಿದ್ದರು. ಹೊಸಬ ಬಂದ ದಿನವೇ ಅವನ ಕೈಗೆ ಭಾರದ ಕಲ್ಲು ಕೊಡುತ್ತಿರಲಿಲ್ಲ. ಮೊದಲು ಮಟ್ಟಿಯ ಕೆಲಸ, ಬಸ್ಕಿ, ದಂಡ. ಕಾಲು, ತೊಡೆ, ಹೊಟ್ಟೆ ಗಟ್ಟಿಯಾದ ಮೇಲೆ ಭಾರ.

ಇದರಲ್ಲಿ ದೊಡ್ಡ ತಿಳಿವಳಿಕೆಯಿದೆ. ಸ್ನಾಯುವಿಗೆ ಕೆಲವೇ ವಾರಗಳಲ್ಲಿ ಬಲ ಬರುತ್ತದೆ. ಸ್ನಾಯುರಜ್ಜು, ಅಸ್ಥಿರಜ್ಜು, ಡಿಸ್ಕು ಹದಗೊಳ್ಳಲು ತಿಂಗಳುಗಳೇ ಬೇಕು. ಜಿಮ್‌ಗೆ ಸೇರಿದ ಎರಡನೇ ತಿಂಗಳಿಗೆ "ಈಗ ನೂರು ಎತ್ತತೀನಿ" ಎನ್ನುವ ಹುಡುಗನ ತೊಡೆಗೆ ಆ ಬಲ ಬಂದಿರಬಹುದು, ನಡಕ್ಕೆ ಬಂದಿರುವುದಿಲ್ಲ. ವಾರಕ್ಕೆ ಐದೋ ಹತ್ತೋ ಶೇಕಡಾ ಏರಿಸುತ್ತ ಹೋದವನು ಎಲ್ಲಿಗಾದರೂ ಮುಟ್ಟುತ್ತಾನೆ. ಎರಡು ತಿಂಗಳು ಬಿಟ್ಟು ಬಂದವನು ಬಿಟ್ಟ ಜಾಗದಿಂದಲೇ ಶುರುಮಾಡಿದರೆ ನಡ ಹಿಡಿಸಿಕೊಳ್ಳುತ್ತಾನೆ. ಸುಗ್ಗಿ ಮುಗಿಸಿ ಜಿಮ್‌ಗೆ ಮರಳುವ ರೈತರ ಮಕ್ಕಳಿಗೂ, ಪರೀಕ್ಷೆ ಮುಗಿಸಿ ಬರುವ ಕಾಲೇಜು ಹುಡುಗರಿಗೂ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಬೆಳಗಿನ ಜಾವದ ಬಗ್ಗೆ ಒಂದು ಎಚ್ಚರಿಕೆ. ಗರಡಿಯಾಗಲಿ ಜಿಮ್ಮಾಗಲಿ, ನಮ್ಮಲ್ಲಿ ಹೊತ್ತು ಹುಟ್ಟುವ ಮೊದಲೇ ತಾಲೀಮು ಶುರು. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಕೂಡಲೇ ನಾವು ಸಂಜೆಗಿಂತ ಸುಮಾರು ಶೇ 1ರಷ್ಟು ಎತ್ತರ ಇರುತ್ತೇವೆ, ಆ ಹೆಚ್ಚಿನ ಎತ್ತರದಲ್ಲಿ ಅರ್ಧಕ್ಕೂ ಹೆಚ್ಚು ಎದ್ದ ಮೊದಲ ಗಂಟೆಯಲ್ಲೇ ಇಳಿಯುತ್ತದೆ. ಉಬ್ಬಿದ ಡಿಸ್ಕು ಬಿಗಿಯಾಗಿರುತ್ತದೆ, ಆಗ ಬಾಗಿದರೆ ಅದರ ಮೇಲಿನ ಒತ್ತಡ ಹೆಚ್ಚು. 1998ರಲ್ಲಿ ಅಮೆರಿಕದ ಸಂಶೋಧಕರು ಹಳೆಯ ಬೆನ್ನುನೋವಿನವರಿಗೆ ಬೆಳಿಗ್ಗೆ ಎದ್ದ ಮೊದಲ ಎರಡು ಗಂಟೆ ಬಾಗಬೇಡಿ ಎಂದಷ್ಟೇ ಹೇಳಿದರು. ಅದರಿಂದಲೇ ಅವರ ನೋವು ಗಣನೀಯವಾಗಿ ಇಳಿಯಿತು. ಐದಕ್ಕೆ ಎದ್ದು ಐದೂಕಾಲಿಗೆ ಡೆಡ್‌ಲಿಫ್ಟ್ ಮಾಡುವವರು ಇದನ್ನು ನೆನಪಿಡಬೇಕು. ಎದ್ದ ಮೇಲೆ ಒಂದು ಗಂಟೆಯಾದರೂ ಓಡಾಡಿ, ಮನೆಗೆಲಸ ಮುಗಿಸಿ ಹೋಗಿ. ಆಗದಿದ್ದರೆ ಬೆಳಿಗ್ಗೆ ತೋಳು, ಎದೆ, ಕಾಲಿನ ಕೆಲಸ ಇಟ್ಟುಕೊಂಡು, ಬಾಗಿ ಎತ್ತುವ ಭಾರವನ್ನು ಸಂಜೆಗೆ ಬಿಡಿ.

ಬಾಗುವ ಬಗೆಯನ್ನು ಮನೆಯಲ್ಲಿ ಒಂದು ಕೋಲು ಇಟ್ಟುಕೊಂಡೇ ಕಲಿಯಬಹುದು. ಕೋಲನ್ನು ಬೆನ್ನಿನ ಮೇಲೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ರೆಕ್ಕೆಮೂಳೆಗಳ ನಡು, ಬೆನ್ನಿನ ಕೊನೆಯ ಎಲುಬು, ಈ ಮೂರು ಕಡೆ ಅದು ತಾಗಿರಬೇಕು. ಮೊಣಕಾಲು ತುಸು ಸಡಿಲಿಸಿ, ಕುಂಡಿಯನ್ನು ಹಿಂದಕ್ಕೆ ತಳ್ಳುತ್ತ ಮುಂದೆ ಬಾಗಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟರೂ ಅಲ್ಲಿಗೆ ನಿಲ್ಲಿಸಿ. ಎಷ್ಟು ಬಾಗಿದಿರೋ ಅಷ್ಟೇ ಸದ್ಯಕ್ಕೆ ನಿಮ್ಮ ಆಳ. ಬಾಗುವ ಕೆಲಸ ತೊಡೆಯ ಕೀಲಿನದು, ನಡದ್ದಲ್ಲ ಎಂಬುದು ಮೈಗೆ ತಿಳಿಯುವವರೆಗೆ ಖಾಲಿ ಕೋಲಿನಲ್ಲೇ ಮಾಡಿ. ಇದು ಬೇಸರ ಹಿಡಿಸುವ ಕೆಲಸ. ಆದರೂ ಇಡೀ ಲೇಖನದಲ್ಲಿ ಒಂದೇ ಒಂದನ್ನು ರೂಢಿಸಿಕೊಳ್ಳುವುದಾದರೆ ಇದನ್ನು ರೂಢಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಉಸಿರು ಕಟ್ಟುವುದೂ ಒಂದು ವಿದ್ಯೆ. ಎತ್ತುವ ಮೊದಲು ಎದೆ ಉಬ್ಬಿಸದೆ ಹೊಟ್ಟೆಯ ಸುತ್ತ, ಪಕ್ಕೆಗೂ ಬೆನ್ನಿಗೂ ಉಸಿರು ತುಂಬಬೇಕು. ಯಾರೋ ಹೊಟ್ಟೆಗೆ ಗುದ್ದಲು ಬಂದರೆ ಬಿಗಿ ಮಾಡುತ್ತೇವಲ್ಲ, ಹಾಗೆ ಬಿಗಿಯಬೇಕು. ಒಳಗಿನ ಆ ಒತ್ತಡ ಮುಂದಿನಿಂದ ಬೆನ್ನುಮೂಳೆಗೆ ಆಸರೆಯಾಗುತ್ತದೆ. ಭಾರ ಮೇಲೆ ಬಂದ ಮೇಲೆ ಉಸಿರು ಬಿಡಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹೀಗೆ ಉಸಿರು ಕಟ್ಟಿ ದೊಡ್ಡ ಭಾರಕ್ಕೆ ಕೈ ಹಾಕಬಾರದು. ಜಿಮ್‌ನ ಚರ್ಮದ ಬೆಲ್ಟು, ಹಮಾಲರು ನಡಕ್ಕೆ ಬಿಗಿಯುವ ಟವೆಲ್ಲು ಈ ಬಿಗಿತಕ್ಕೆ ಒತ್ತಾಸೆ ಕೊಡುತ್ತವೆಯೇ ಹೊರತು ಅದರ ಬದಲಿಗೆ ನಿಲ್ಲುವುದಿಲ್ಲ. ಅಮೆರಿಕದ ಅಂಗಡಿ ಸರಪಳಿಯೊಂದರಲ್ಲಿ ಸರಕು ಎತ್ತಿಳಿಸುವ ಸಾವಿರಾರು ನೌಕರರನ್ನು ಗಮನಿಸಿದ ಅಧ್ಯಯನದಲ್ಲಿ, ಬೆಲ್ಟು ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2000ದಲ್ಲಿ ಪ್ರಕಟವಾದ ಫಲಿತಾಂಶ ಅದು. ಬೆಲ್ಟಿದೆ ಎಂಬ ಧೈರ್ಯಕ್ಕೆ ಇಪ್ಪತ್ತು ಕಿಲೋ ಹೆಚ್ಚಿಗೆ ಏರಿಸುವುದೇ ಅಪಾಯ.

ಕೊನೆಯದಾಗಿ ನಡಕ್ಕೆ ಬೇಕಾದ ತಾಳಿಕೆ. ಒಮ್ಮೆ ಎಷ್ಟು ಎತ್ತುತ್ತದೆ ಎನ್ನುವುದಕ್ಕಿಂತ, ದಣಿಯದೆ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಮುಖ್ಯ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನುಮೂಳೆಯನ್ನೇ ಅಭ್ಯಾಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಇದಕ್ಕೆಂದು ಮೂರು ಸರಳ ಅಭ್ಯಾಸ ಹೇಳುತ್ತಾರೆ. ಅಂಗಾತ ಮಲಗಿ, ಒಂದು ಕಾಲು ಮಡಚಿ, ನಡದ ಕೆಳಗೆ ಅಂಗೈ ಇಟ್ಟು, ತಲೆ ಹೆಗಲನ್ನು ತುಸುವೇ ಎತ್ತಿ ಹಿಡಿಯುವುದು. ಒಂದು ಮಗ್ಗುಲಾಗಿ ಮೊಣಕೈ ಮೇಲೆ ಮೈಯನ್ನು ನೇರ ನಿಲ್ಲಿಸುವುದು. ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವುದು. ಒಂದೊಂದು ಹಿಡಿತವೂ ಹತ್ತು ಸೆಕೆಂಡು ಸಾಕು, ಹಲವು ಸಲ ಮಾಡಬೇಕು. ಗರಡಿಯ ದಂಡ ಹೊಡೆದವರಿಗೆ ಇವು ಪರಕೀಯ ಅನ್ನಿಸುವುದಿಲ್ಲ.

ದಿನವೂ ಎತ್ತುವವರು

ಜಿಮ್‌ಗೆ ಹೋಗುವವನು ತನ್ನ ಭಾರವನ್ನು ತಾನೇ ಆರಿಸಿಕೊಳ್ಳುತ್ತಾನೆ. ನಡ ನೋಯುತ್ತಿದ್ದರೆ ಒಂದು ದಿನ ಬಿಡುತ್ತಾನೆ. ಹಮಾಲನಿಗೆ ಈ ಎರಡೂ ಇಲ್ಲ. ಕೂಲಿ ಚೀಲದ ಲೆಕ್ಕದಲ್ಲಿ, ಹಾಗಾಗಿ ಓಡಾಟ ಜೋರು, ವಿಶ್ರಾಂತಿ ಕಡಿಮೆ. ಬೆನ್ನುನೋವಿನ ಬಗ್ಗೆ ಬರುವ ಬರಹಗಳೆಲ್ಲ ಆಫೀಸಿನ ಕುರ್ಚಿ, ಜಿಮ್ಮಿನ ರಾಡಿನ ಸುತ್ತಲೇ ಸುತ್ತುತ್ತವೆ. ನಮ್ಮ ಸೀಮೆಯಲ್ಲಿ ನಿಜವಾಗಿ ಭಾರ ಎತ್ತುವ ಜನ ಹಮಾಲರು.

ಯಾರ್ಡಿನಲ್ಲಿ ನಿಂತು ನೋಡಿ. ಇಬ್ಬರು ಚೀಲದ ನಾಲ್ಕು ಮೂಲೆ ಹಿಡಿದು ಎತ್ತಿಕೊಡುತ್ತಾರೆ, ಮೂರನೆಯವನು ಬೆನ್ನು ಕೊಟ್ಟು ಮೊಣಕಾಲು ತುಸು ಮಡಚಿ ನಿಂತಿರುತ್ತಾನೆ. ಚೀಲ ಕುತ್ತಿಗೆಯ ಬುಡಕ್ಕೆ, ಎರಡೂ ರೆಕ್ಕೆಮೂಳೆಗಳ ಮೇಲೆ ಕೂರುತ್ತದೆ. ಅವನು ಸಣ್ಣ ಸಣ್ಣ ಹೆಜ್ಜೆಯಲ್ಲಿ, ಓಟಕ್ಕೂ ನಡಿಗೆಗೂ ನಡುವಿನ ವೇಗದಲ್ಲಿ ಲಾರಿಯತ್ತ ಹೋಗುತ್ತಾನೆ. ಇದು ತಲೆಮಾರುಗಳಿಂದ ಬಂದ ಜಾಣ್ಮೆ. ಭಾರ ಮೂಳೆಯ ಗೆರೆಗೆ ಹತ್ತಿರವಿದೆ, ಎತ್ತುವ ಕಷ್ಟ ಮೂವರಲ್ಲಿ ಹಂಚಿಹೋಗಿದೆ. ಛಳಕು ಹೊಡೆಯುವುದು ಹೆಚ್ಚಾಗಿ ಈ ಕ್ರಮ ತಪ್ಪಿದಾಗ. ಸಂಜೆ ಜನ ಕಡಿಮೆಯಾಗಿ ಒಬ್ಬನೇ ನೆಲದಿಂದ ಚೀಲ ಎಳೆದೆತ್ತುವಾಗ, ಲಾರಿಯ ಮೇಲೆ ನಿಂತು ಚೀಲ ಹಿಡಿದೇ ನಡ ತಿರುಗಿಸುವಾಗ, ಗಂಟೆಗಟ್ಟಲೆ ಬಾಗಿ ಕೂತು ಚೀಲ ಹೊಲಿದವನು ಎದ್ದ ಕೂಡಲೇ ಭಾರಕ್ಕೆ ಕೈ ಹಾಕಿದಾಗ. ಬಾಗಿದ್ದು, ತಿರುಗಿದ್ದು, ದಣಿದದ್ದು, ಈ ಮೂರೂ ಒಟ್ಟಿಗೆ ಕೂಡಿದರೆ ಐದು ಕಿಲೋ ಬುಟ್ಟಿಗೂ ನಡ ಹಿಡಿಯಬಹುದು. ತಿರುಗಬೇಕಾದರೆ ಪಾದ ತಿರುಗಿಸಿ, ನಡ ತಿರುಗಿಸಬೇಡಿ ಎಂಬುದು ಇಲ್ಲಿ ಜೀವ ಉಳಿಸುವ ಮಾತು.

ಚೀಲದ ತೂಕದ ಬಗ್ಗೆ ಹೇಳಲೇಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸು ಹೊರುವ ಭಾರಕ್ಕೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ ಇನ್ನೂ ಕಟ್ಟುನಿಟ್ಟು. ಎಲ್ಲ ಅನುಕೂಲವಿದ್ದಾಗಲೂ ಕೈಯಿಂದ ಎತ್ತುವ ಭಾರ 23 ಕಿಲೋ ದಾಟಬಾರದು, ದೂರ, ತಿರುವು, ಪದೇ ಪದೇ ಎತ್ತುವುದು ಸೇರಿದರೆ ಇನ್ನೂ ಇಳಿಸಬೇಕು ಎನ್ನುತ್ತದೆ ಅದು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೂ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದಿತ್ತು. ಸಿಮೆಂಟು, ಪಡಿತರದ ಅಕ್ಕಿ 50 ಕಿಲೋ ಚೀಲದಲ್ಲಿ ಬರುತ್ತವೆ, ಯೂರಿಯಾ ಚೀಲ 2018ರಿಂದ 45 ಕಿಲೋಗೆ ಇಳಿದಿದೆ. ಕಾಳುಕಡಿಯ ಕ್ವಿಂಟಲ್ ಚೀಲ, ಹತ್ತಿಯ ಅಂಡಿಗೆ ಇನ್ನೂ ಎಲ್ಲಿ ಬೆನ್ನೇರುತ್ತಿವೆಯೋ ಅಲ್ಲಿ ತೂಕ ಇಳಿಸುವುದೇ ಮೊದಲ ಔಷಧ. ಹಮಾಲನಿಗೆ ಕೋಲು ಕೊಟ್ಟು ಬಾಗುವುದನ್ನು ಕಲಿಸುವುದು ಅದಾದ ಮೇಲಿನ ಮಾತು.

ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಸುತ್ತಿನ ಹೊಲಗಳಲ್ಲಿ ಕಬ್ಬಿನ ಹೊರೆ ತಲೆಗಿಟ್ಟು ಹಲಗೆ ಏರಿ ಟ್ರ್ಯಾಕ್ಟರಿಗೆ ತುಂಬುವ ಗಂಡಸರು ಹೆಂಗಸರಿಗೂ ಇದೆಲ್ಲ ಅನ್ವಯಿಸುತ್ತದೆ. ಹೆರಿಗೆಯಾಗಿ ಕೆಲವೇ ತಿಂಗಳಾದ ಹೆಂಗಸಿನ ಹೊಟ್ಟೆಯ ಸ್ನಾಯುಗಳು ಎಷ್ಟೋ ಸಲ ಇನ್ನೂ ಕೂಡಿರುವುದಿಲ್ಲ, ನಡಕ್ಕೆ ಆಸರೆ ಕಡಿಮೆ. ಅವಳ ತಲೆಗೆ ಹೊರೆ ಏರಿಸುವ ಮೊದಲು ಮನೆಯವರು ಯೋಚಿಸಬೇಕು.

ಹಿಡಿದ ಮೇಲೆ

ಛಳಕು ಹೊಡೆದ ಕೂಡಲೇ ಭಾರವನ್ನು ಕೆಳಗೆ ಬಿಡಿ. ಮರ್ಯಾದೆಗೆಂದು ಇನ್ನೊಂದು ಸಲ ಪ್ರಯತ್ನಿಸಬೇಡಿ. ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲಿನ ಕೆಳಗಿನ ಭಾಗವನ್ನು ಕುರ್ಚಿ ಅಥವಾ ಮಂಚದ ಮೇಲೆ ಇಡಿ. ಸೊಂಟ, ಮೊಣಕಾಲು ಎರಡೂ ಮಡಚಿದಂತಾಗಿ ನಡದ ಬಿಗಿತಕ್ಕೆ ಬಿಡುವು ಸಿಗುತ್ತದೆ. ಹೊಟ್ಟೆಯಿಂದ ನಿಧಾನ ಉಸಿರಾಡಿ. ಹತ್ತು ಹದಿನೈದು ನಿಮಿಷ ಸಾಕು. ಏಳುವಾಗ ನೇರ ಎದ್ದು ಕೂರಬೇಡಿ. ಮಗ್ಗುಲಾಗಿ, ಮೊಣಕಾಲು ಮಡಚಿ, ಕೈಯೂರಿ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ರಾತ್ರಿ ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ಹೊರಳುವಾಗಿನ ನೋವು ಕಡಿಮೆ.

ನಡೆಯಬೇಕು ಎಂಬುದೇ ಬಹಳ ಜನಕ್ಕೆ ಆಶ್ಚರ್ಯ. ನಮ್ಮಲ್ಲಿ ನಡ ಹಿಡಿದವನನ್ನು ಹಲಗೆಯ ಮೇಲೆ ಮಲಗಿಸಿ ವಾರಗಟ್ಟಲೆ ಏಳಗೊಡುವುದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಗರಾಡಳಿತದ 186 ನೌಕರರ ಮೇಲೆ ಇದನ್ನು ಪರೀಕ್ಷಿಸಿದ್ದರು, 1995ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ತಡೆದುಕೊಳ್ಳುವಷ್ಟು ಮಟ್ಟಿಗೆ ನಿತ್ಯದ ಓಡಾಟ. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು, ಎಲ್ಲರಿಗಿಂತ ನಿಧಾನ ಹಾಸಿಗೆ ಹಿಡಿದವರು. ಹಾಗಾಗಿ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಸುತ್ತಾಡಿ. ಹಟ ಹಿಡಿದು ವ್ಯಾಯಾಮ ಮಾಡಲು ಹೋಗಬೇಡಿ. ಮೊದಲ ದಿನವೇ ಕಾಲ್ಬೆರಳು ಮುಟ್ಟಿ ನಡ 'ಸಡಿಲಿಸಲು' ನೋಡುವವರು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಾರೆ.

ಶಾಖ ಒಳ್ಳೆಯದು. ಉಪ್ಪಿನ ಗಂಟು, ಔಡಲ ಎಲೆಗೆ ಎಣ್ಣೆ ಸವರಿ ಕಾಯಿಸಿ ಇಡುವುದು, ಬಿಸಿನೀರಿನ ಚೀಲ, ಯಾವುದಾದರೂ ಸರಿ, ಚರ್ಮ ಸುಡದಂತೆ ಹದಿನೈದು ಇಪ್ಪತ್ತು ನಿಮಿಷ. ಸಕ್ಕರೆ ಕಾಯಿಲೆಯಿಂದ ಚರ್ಮದ ಅರಿವು ಕಡಿಮೆಯಾದವರು ಬಿಸಿಯನ್ನು ಬೇರೆಯವರಿಂದ ಮುಟ್ಟಿಸಿ ನೋಡಿಕೊಳ್ಳಲಿ. ಮೇಲಿಂದ ಮೆಲ್ಲಗೆ ಎಣ್ಣೆ ತಿಕ್ಕಿಸಿಕೊಂಡರೆ ಹಿತ. ಗುಳಿಗೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಪ್ಯಾರಾಸಿಟಮಾಲ್ ಬೆನ್ನಿನ ಹಿಡಿತಕ್ಕೆ ಹುಸಿ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು ಸಿಡ್ನಿಯಲ್ಲಿ 1,652 ಜನರ ಮೇಲೆ ನಡೆದು 2014ರಲ್ಲಿ ಬಂದ ಅಧ್ಯಯನ ತೋರಿಸಿತು. ಊತ ಇಳಿಸುವ ನೋವಿನ ಗುಳಿಗೆಗಳಿಂದ ತುಸು ಆರಾಮ ಸಿಗುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಬಿಸಿಲಲ್ಲಿ ಬೆವರು ಸುರಿಸಿ ದುಡಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. "ಒಂದು ಸೂಜಿ ಹಾಕ್ರಿ, ನಾಳೆ ಕೆಲಸಕ್ಕೆ ಹೋಗ್ಬೇಕು" ಎಂದು ಕೇಳಿ ಹಾಕಿಸಿಕೊಳ್ಳುವ ಚುಚ್ಚುಮದ್ದಿನಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಇರುತ್ತದೆ. ಅದನ್ನೇ ಪದೇ ಪದೇ ತೆಗೆದುಕೊಂಡರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಸೂಜಿಯಲ್ಲಿ ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು.

ಕಾಲು ಮುಂದಾಗಿ ಹುಟ್ಟಿದವರಿಂದ ನಡಕ್ಕೆ ಒದೆಸಿಕೊಂಡರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ಮಹಾರಾಷ್ಟ್ರದಲ್ಲೂ ಇದೆ. ನಂಬಿದವರನ್ನು ಹೀಗಳೆಯುವುದು ನನಗೆ ಬೇಕಿಲ್ಲ. ಮೂರು ನಾಲ್ಕು ದಿನಕ್ಕೆ ನೋವು ತಾನಾಗಿ ಇಳಿಯುವ ಹೊತ್ತಿಗೆ ಒದೆತ ಬಿದ್ದಿರುತ್ತದೆ, ಹೆಸರು ಅದಕ್ಕೆ ಹೋಗುತ್ತದೆ. ಮೆಲ್ಲಗೆ ಪಾದ ಮುಟ್ಟಿಸಿದರೆ ಕೇಡಿಲ್ಲ. ನಿಜವಾಗಿ ಒದೆಯುವುದು, ಬೆನ್ನ ಮೇಲೆ ಹತ್ತಿ ತುಳಿಯುವುದು, ಉಳುಕು ತೆಗೆಯುತ್ತೇನೆಂದು ಝಾಡಿಸಿ ತಿರುಚುವುದು ಬೇಡವೇ ಬೇಡ. ಡಿಸ್ಕು ಜಾರಿದ್ದರೆ, ಮೂಳೆ ಬಿರುಕು ಬಿಟ್ಟಿದ್ದರೆ ಆ ಒಂದು ಒದೆತದಿಂದ ಕಾಲಿನ ಬಲವೇ ಹೋಗಬಹುದು.

ಇನ್ನು ಮನೆಮದ್ದಿಗೆ ಒಂದು ಗಂಟೆಯನ್ನೂ ಕೊಡಬಾರದ ಲಕ್ಷಣಗಳಿವೆ. ಮೂತ್ರ ಬರದೆ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ತೊಡೆಗಳ ನಡುವೆ, ಗುದದ ಸುತ್ತ ಮರಗಟ್ಟಿದರೆ, ಕಾಲು ಸೋತು ಪಾದ ಎಳೆಯುವಂತಾದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಹುಬ್ಬಳ್ಳಿ, ಧಾರವಾಡ ಅಥವಾ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಿ. ನರಗಳ ಗೊಂಚಲು ಒತ್ತಿಹೋದ ಗುರುತು ಅದು. ತಡವಾದಷ್ಟೂ ಮೂತ್ರದ ಹಿಡಿತ, ಕಾಲಿನ ಶಕ್ತಿ ಮರಳುವ ಭರವಸೆ ಕಡಿಮೆ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ರಾತ್ರಿ ಮಲಗಿದರೂ ಇಳಿಯದ ನೋವು, ತೂಕ ಇಳಿಯುತ್ತ ಬರುವ ನೋವು, ಇವನ್ನೂ ವೈದ್ಯರು ನೋಡಲೇಬೇಕು. ನಮ್ಮ ದೇಶದಲ್ಲಿ ಕ್ಷಯ ಬೆನ್ನುಮೂಳೆಗೂ ಹಿಡಿಯುತ್ತದೆ. ತಿಂಗಳುಗಟ್ಟಲೆ 'ಭಾರ ಎತ್ತಿದ್ದಕ್ಕೆ' ಎಂದುಕೊಂಡು ಎಣ್ಣೆ ತಿಕ್ಕುತ್ತ ಕೂತರೆ ಮಣಿಗಳೇ ಕುಸಿಯುತ್ತವೆ. ಬೇಸಿಗೆಯಲ್ಲಿ ಒಂದು ಬದಿಯಿಂದ ಎದ್ದು ತೊಡೆಸಂದಿಗೆ ಇಳಿಯುವ, ಹೇಗೆ ಮಲಗಿದರೂ ನೆಮ್ಮದಿ ಕೊಡದ ನೋವು ಮೂತ್ರಪಿಂಡದ ಕಲ್ಲಿನದೂ ಆಗಿರಬಹುದು.

ಈ ಲಕ್ಷಣಗಳಿಲ್ಲದವರು ಮೊದಲ ವಾರವೇ ಎಂಆರ್‌ಐಗೆ ಓಡಬೇಕಿಲ್ಲ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಮಾಡಿ 2015ರಲ್ಲಿ ನೋಡಿದಾಗ, 20ರ ವಯಸ್ಸಿನವರಲ್ಲೇ ಶೇ 37ರಷ್ಟು ಜನರ ಡಿಸ್ಕುಗಳಲ್ಲಿ ಸವೆತ ಕಂಡಿತು, 50ರ ವಯಸ್ಸಿನವರಲ್ಲಿ ಶೇ 80. 'ಡಿಸ್ಕ್ ಬಲ್ಜ್' ಎಂದು ಬರೆದ ವರದಿ ಕೈಗೆ ಬಂದ ಮೇಲೆ ಎಷ್ಟು ಹುಡುಗರು ಗರಡಿ ಬಿಟ್ಟಿದ್ದಾರೆ, ಎಷ್ಟು ಹಮಾಲರು ಸಾಲ ಮಾಡಿದ್ದಾರೆ ಎಂದು ನೆನೆದರೆ ಸಂಕಟವಾಗುತ್ತದೆ. ನಲವತ್ತಕ್ಕೆ ಬಿಳಿಗೂದಲು ಬಂದಷ್ಟೇ ಸಹಜವಾದ ಬದಲಾವಣೆ ಅದರಲ್ಲಿ ಎಷ್ಟೋ.

ಮರಳಿ ಎತ್ತುವುದು ಯಾವಾಗ? ಬಾಗಿ ಚಪ್ಪಲಿ ಹಾಕಿಕೊಳ್ಳಲು ನೋವಿಲ್ಲ ಎಂದಾದ ಮೇಲೆ, ಮತ್ತೆ ಖಾಲಿ ಕೋಲಿನಿಂದ. ಆಮೇಲೆ ಹಿಂದೆ ಎತ್ತುತ್ತಿದ್ದ ಭಾರದ ಅರ್ಧ. ಎತ್ತುವಾಗ ತುಸು ಬಿಗಿತವಿದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದು ಮೊದಲಿನಷ್ಟಕ್ಕೆ ಇಳಿದಿದ್ದರೆ ಮುಂದೆ ಸಾಗಬಹುದು, ಇಳಿಯದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ. ಒಮ್ಮೆ ಹಿಡಿದ ನಡ ಮತ್ತೆ ಹಿಡಿಯುವ ಸಂಭವ ಹೆಚ್ಚು ಎಂಬುದನ್ನು ಮುಚ್ಚಿಡಬಾರದು. ಅದನ್ನು ತಡೆಯುವ ಅಗ್ಗದ ಉಪಾಯ ನಡಿಗೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 701 ಜನರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂತಹಂತವಾಗಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಅವರು ಮುಟ್ಟಬೇಕಿದ್ದ ಗುರಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ.

ಹೆದರಿಕೆ ಬಿಡಬೇಕಾದವರು ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರನ್ನು ನೆನೆಯಲಿ. 2017ರಲ್ಲಿ ವಿಶ್ವ ಚಾಂಪಿಯನ್ ಆದ ಅವರಿಗೆ, ಮರುವರ್ಷ ನಡದ ನೋವಿನಿಂದಾಗಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೇ ಹೋಗಲಾಗಲಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆ, ಅಭ್ಯಾಸದ ನಂತರ 2019ರ ಫೆಬ್ರುವರಿಯಲ್ಲಿ ಥಾಯ್ಲೆಂಡಿನಲ್ಲಿ 192 ಕಿಲೋ ಎತ್ತಿ ಚಿನ್ನ ಗೆದ್ದರು. 2021ರ ಜುಲೈ 24ರಂದು ಟೋಕಿಯೊದಲ್ಲಿ 202 ಕಿಲೋ ಎತ್ತಿ ಒಲಿಂಪಿಕ್ ಬೆಳ್ಳಿ ತಂದರು. ಅವರಿಗೆ ಫಿಸಿಯೊಥೆರಪಿಸ್ಟ್ ಇದ್ದರು, ತರಬೇತುದಾರರಿದ್ದರು, ಕಾಯಲು ಸಮಯವಿತ್ತು. ನಮ್ಮ ಹಳ್ಳಿಯ ಹುಡುಗನಿಗೆ ಇವು ಯಾವುವೂ ಇಲ್ಲ ಎಂಬುದೇ ನಾನು ಕೊನೆಗೆ ಹೇಳಬೇಕಾದ ಮಾತಿಗೆ ಕಾರಣ.

ಜಾತ್ರಾ ಕಮಿಟಿಯ ಹಿರಿಯರಲ್ಲಿ ಒಂದು ವಿನಂತಿ. ಭಾರ ಎತ್ತುವ ಪಂದ್ಯ ನಿಲ್ಲಿಸಬೇಡಿ, ಅದು ಈ ಸೀಮೆಯ ಹೆಮ್ಮೆ. ಆದರೆ ಹೆಸರು ಕೊಟ್ಟು, ಸಣ್ಣ ಕಲ್ಲು ಎತ್ತಿ ತೋರಿಸಿದವರಿಗೆ ಮಾತ್ರ ದೊಡ್ಡ ಕಲ್ಲು ಕೊಡಿ. ಪಂದ್ಯಕ್ಕೆ ಮೊದಲು ಅರ್ಧ ಗಂಟೆ ಮೈ ಬಿಸಿ ಮಾಡಿಕೊಳ್ಳಲು ಜಾಗ ಬಿಡಿ. ಗುಂಪಿನಿಂದ ಎದ್ದು ಬರುವ ಹುಮ್ಮಸ್ಸಿನವನನ್ನು ಹೆಗಲ ಮೇಲೆ ಕೈ ಹಾಕಿ ಹಿಂದಕ್ಕೆ ಕಳಿಸಿ. ಹತ್ತಿರದ ಪಟ್ಟಣದ ಒಬ್ಬ ಫಿಸಿಯೊಥೆರಪಿಸ್ಟರನ್ನು ಆ ದಿನ ಕರೆಸಿ ಕೂರಿಸಿ, ಬೆಳ್ಳಿ ಕಡಗಕ್ಕಿಂತ ಹೆಚ್ಚು ಖರ್ಚಾಗದು. ವರ್ತಕರೂ ಎಪಿಎಂಸಿಯವರೂ 50 ಕಿಲೋಗಿಂತ ಭಾರದ ಚೀಲವನ್ನು ಯಾರ ಬೆನ್ನಿಗೂ ಏರಿಸುವುದಿಲ್ಲ ಎಂದು ತೀರ್ಮಾನಿಸಲಿ, ಯಾರ್ಡಿಗೆ ನಾಲ್ಕು ಕೈಗಾಡಿ ತರಿಸಲಿ. ಬರುವ ಸುಗ್ಗಿಗೆ ಮೊದಲೇ ಇದು ಆಗಬೇಕು.